ಲೋಹದ ಎಲೆ ಹೇಗೆ ತಯಾರಾಯಿತೆಂಬುದನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಎಲೆ, ಹೂವು, ಬೀಜಕೋಶ, ತೊಗಟೆ, ಕೀಟದ ರೆಕ್ಕೆ ಮೊದಲಾದವುಗಳ ರೂಪವನ್ನು ತಳೆದ ಕೈಕೆಲಸದ ಲೋಹದ ಆಭರಣಗಳ ಕುರಿತು ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಸಚಿತ್ರ ಬರಹಗಳು ಬರುತ್ತವೆ. ಯಾವ ಉಡುಪಿನೊಡನೆ ಯಾವುದು ಒಪ್ಪುತ್ತದೆ ಎಂಬುದನ್ನು ಅವು ವಿವರಿಸುತ್ತವೆಯೇ ಹೊರತು, ಆ ಆಭರಣ ಹೇಗೆ ರೂಪುಗೊಂಡಿತೆಂಬುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಬೆಳ್ಳಿ ಮತ್ತು ತಾಮ್ರದಲ್ಲಿ ಇಂಥ ಕೆಲಸ ಮಾಡುವ ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ನೋಡಲು ಒಂದೇ ತೆರನಾದ ಎರಡು ಎಲೆಗಳ ಹಿಂದೆ ತೀರ ಬೇರೆಬೇರೆ ಕೆಲಸಗಳಿರಬಹುದು.

ತಗಡನ್ನು ಬಡಿದು ಮಾಡುವ ಎಲೆಯನ್ನೇ ನೋಡೋಣ. ಗರಗಸದಿಂದ ಆಕಾರಕ್ಕೆ ಕತ್ತರಿಸಿದ ತಗಡನ್ನು ಅರಗು ಅಥವಾ ರಾಳದ ಹಾಸಿನ ಮೇಲೆ ಕೂರಿಸಿ, ಹಿಂಬದಿಯಿಂದ ಮೊಂಡು ಚಾಣಗಳಿಂದ ಉಬ್ಬಿಸಿ, ಮತ್ತೆ ಮಗುಚಿ ಮುಂಬದಿಯಿಂದ ನರಗಳನ್ನು ಒಂದೊಂದಾಗಿ ಒತ್ತಬೇಕು. ಬಡಿದಷ್ಟೂ ಲೋಹ ಗಡುಸಾಗುತ್ತದೆ. ಅದನ್ನು ಲೆಕ್ಕಿಸದೆ ಬಡಿಯುತ್ತ ಹೋದರೆ ಅಂಚು ಬಿರಿಯುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆತ್ತಗಾಗಿಸುವುದು ಅನಿವಾರ್ಯ. ಶೇ 92.5ರಷ್ಟು ಬೆಳ್ಳಿಯೂ ಉಳಿದದ್ದು ಹೆಚ್ಚಾಗಿ ತಾಮ್ರವೂ ಇರುವ ಸ್ಟರ್ಲಿಂಗ್ ಬೆಳ್ಳಿಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ಸಾಕು. 800 ಡಿಗ್ರಿಯನ್ನು ದಾಟಿದರೆ ಅದು ಕರಗತೊಡಗುತ್ತದೆ. ಸರಿಯಾದ ಕಾವಿನ ಗುರುತಾದ ಮಂದ ಕೆಂಪು ಬಣ್ಣವು ಹಗಲಿನ ಬೆಳಕಿನಲ್ಲಿ ಕಾಣದು ಎಂಬ ಕಾರಣಕ್ಕೇ ಕೋಣೆಯನ್ನು ಮಬ್ಬಾಗಿಸಿಕೊಂಡು ಕಾಯಿಸುವ ರೂಢಿಯಿದೆ.

ಪ್ರಕೃತಿಯನ್ನು ಗಮನಿಸಿದ್ದು ಫಲ ಕೊಡುವುದು ಈ ಹಂತದಲ್ಲಿ. ಅನೇಕ ಎಲೆಗಳಲ್ಲಿ ನಡುನರವು ಮೇಲ್ಮೈಯಲ್ಲಿ ತಗ್ಗಾಗಿ, ಕೆಳಮೈಯಲ್ಲಿ ಏಣಾಗಿ ಇದ್ದು, ತೊಟ್ಟಿನಿಂದ ತುದಿಯ ಕಡೆಗೆ ಸಪುರಾಗುತ್ತ ಹೋಗುತ್ತದೆ. ತಗಡಿನ ಮುಂಬದಿಯಲ್ಲಿ ಒತ್ತಿದ ಗೆರೆಯೂ ಹಿಂಬದಿಯಲ್ಲಿ ತಾನಾಗಿ ಏಣಾಗಿ ಏಳುತ್ತದೆ, ಮತ್ತು ಆ ಏಣು ತೆಳುವಾದ ತಗಡಿಗೆ ಬಾಗದಂತೆ ನಿಲ್ಲುವ ಬಲ ಕೊಡುತ್ತದೆ. ಕಿವಿಗೆ ಭಾರವಾಗದಷ್ಟು ಹಗುರವಾದ ಎಲೆ ಸುಲಭವಾಗಿ ನಜ್ಜುಗುಜ್ಜಾಗದಿರುವುದು ಹೀಗೆ. ನರವನ್ನು ಅಲಂಕಾರದ ಗೆರೆಯೆಂದು ಮೇಲೆ ಗೀಚಿದ ಎಲೆಗೆ ಈ ಗುಣ ಬರುವುದಿಲ್ಲ. ಮೆಸೊಪೊಟೇಮಿಯದ ಊರ್ ನಗರದ ಸಮಾಧಿಯಲ್ಲಿ ದೊರೆತ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಪುಆಬಿ ರಾಣಿಯ ಶಿರೋಭೂಷಣದಲ್ಲಿಯೂ ಚಿನ್ನದ ತಗಡಿನ ಎಲೆಗಳಿವೆ; ಈ ಕೆಲಸದ ವಂಶಾವಳಿ ಅಷ್ಟು ದೀರ್ಘವಾದುದು.

ಎರಕದ ದಾರಿ ಬೇರೆ. ಮೇಣದ ಮಾದರಿಯನ್ನೋ ಒಣಗಿದ ಕಡ್ಡಿ, ಬೀಜಕೋಶವನ್ನೋ ಅಚ್ಚಿನ ಗಾರೆಯಲ್ಲಿ ಹುದುಗಿಸಿ, ಕುಲುಮೆಯಲ್ಲಿ ಸುಟ್ಟು ಇಲ್ಲವಾಗಿಸಿ, ಉಳಿದ ಪೊಳ್ಳಿಗೆ ಕರಗಿದ ಲೋಹವನ್ನು ಎರೆಯುತ್ತಾರೆ. ಆ ಮೊದಲ ತುಂಡು ಒಂದೇ ಒಂದು; ಅದರಿಂದ ರಬ್ಬರ್ ಅಚ್ಚು ತೆಗೆದರೆ ನೂರಾರು ಪ್ರತಿಗಳು ಸಾಧ್ಯ. ಮೂರನೆಯ ವಿಧಾನದಲ್ಲಿ ನಿಜವಾದ ಎಲೆಗೆ ವಿದ್ಯುತ್ ಹರಿಸಬಲ್ಲ ಬಣ್ಣ ಬಳಿದು, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ತೂಗಬಿಟ್ಟು, ವಿದ್ಯುತ್ತಿನ ನೆರವಿನಿಂದ ಅದರ ಮೇಲೆ ತಾಮ್ರದ ಪದರ ಬೆಳೆಸುತ್ತಾರೆ.

ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ಅವುಗಳ ಬಾಳಿಕೆಯೂ ಆರೈಕೆಯೂ ಒಂದೇ ಅಲ್ಲ. ಮುರಿದ ತೊಟ್ಟಿಗೆ ಬೆಸುಗೆ ಹಾಕಲು ಬಡಿದು ಮಾಡಿದ ಎಲೆಯನ್ನು ಧೈರ್ಯವಾಗಿ ಕಾಯಿಸಬಹುದು. ಒಳಗೆ ನಿಜವಾದ ಎಲೆ ಉಳಿದಿರುವುದನ್ನು ಹಾಗೆ ಕಾಯಿಸಿದರೆ ಒಳಗಿನದು ಸುಟ್ಟು, ಹೊರಬರಲು ಹವಣಿಸುವ ಅನಿಲ ತಾಮ್ರದ ಪದರವನ್ನೇ ಸೀಳಬಹುದು. ನರಗಳ ತಗ್ಗಿನಲ್ಲಿ ಗಂಧಕದ ಸಂಯುಕ್ತದಿಂದ ಬೇಕೆಂದೇ ಮೂಡಿಸಿದ ಕಪ್ಪನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆಯುವವರೂ ಇದ್ದಾರೆ. ಕೆಲವರ ಚರ್ಮಕ್ಕೆ ನಿಕಲ್ ತಾಗಿದರೆ ತುರಿಕೆ, ದದ್ದು ಬರುತ್ತವೆ. ಅವರಿಗೆ ಮಿಶ್ರಲೋಹ ಯಾವುದೆಂಬುದು ಆರೋಗ್ಯದ ಪ್ರಶ್ನೆ.

ಇಂಥ ಆಭರಣದ ಚಿತ್ರವನ್ನು ಪ್ರಕಟಿಸುವಾಗ ಲೋಹ ಯಾವುದು, ಬಡಿದದ್ದೋ ಎರಕವೋ ಪದರ ಬೆಳೆಸಿದ್ದೋ, ಹೇಗೆ ಸ್ವಚ್ಛಗೊಳಿಸಬೇಕು ಎಂಬುದನ್ನು ಮಾಡಿದವರಿಂದಲೇ ಕೇಳಿ ತಿಳಿದು, ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಮುದ್ರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಹಾಗೆ ಕೇಳಿದಾಗ ಮರೆಮಾಚದೆ ಹೇಳಬೇಕಾದ ಹೊಣೆ ನನ್ನಂಥ ಕೆಲಸಗಾರರದು.

ಇತಿ ತಮ್ಮ ವಿಶ್ವಾಸಿ,
ಆಭರಣಗಳ ಕುಶಲಕರ್ಮಿ