ನಿದ್ದೆಯಲ್ಲಿ ಕೈಕಾಲು ಬೀಸುವ ಹಿರಿಯರ ಬಗ್ಗೆಯೂ ಕೇಳಿ

ಮಾನ್ಯ ಸಂಪಾದಕರೇ,

ಕಡಿಮೆ ನಿದ್ದೆ ಮಾಡಿದರೆ ಮರೆವಿನ ಕಾಯಿಲೆ ಗ್ಯಾರಂಟಿ ಅನ್ನುವ ಫಾರ್ವರ್ಡ್ ಮೆಸೇಜು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. 70 ದಾಟಿದವರು ಅದನ್ನು ಓದಿ ಇದ್ದ ನಿದ್ದೆಯನ್ನೂ ಕಳೆದುಕೊಳ್ಳುತ್ತಿದ್ದಾರೆ. ಹೆದರಬೇಕಾದ್ದು ಅದಕ್ಕಲ್ಲ.

ಅದರಲ್ಲಿ ಸ್ವಲ್ಪ ಸತ್ಯ ಇದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಸುಮಾರು 25 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ರಿಂದ 70ರ ತನಕ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಾ ಬಂದವರಲ್ಲಿ ಡಿಮೆನ್ಶಿಯಾದ (ಮರೆವಿನ ಕಾಯಿಲೆಯ) ಅಪಾಯ ಶೇ. 30ರಷ್ಟು ಜಾಸ್ತಿ ಕಂಡಿತ್ತು. ಆದರೆ ನಿದ್ದೆ ಕೆಟ್ಟು ಮೆದುಳು ಹಾಳಾಯಿತೋ, ಮೆದುಳು ಒಳಗೊಳಗೇ ಹಾಳಾಗುತ್ತಾ ನಿದ್ದೆ ಕೆಟ್ಟಿತೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಡಿಮೆನ್ಶಿಯಾಕ್ಕೆ ನಾವು ತಡೆಯಬಹುದಾದ 14 ಕಾರಣಗಳನ್ನು ಕೊಟ್ಟಿದೆ. ಬಿಪಿ, ಶುಗರ್, ಕಿವುಡು ಎಲ್ಲ ಇವೆ, ನಿದ್ದೆ ಇಲ್ಲ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳಗು ಮಾಡಿದ ನಮ್ಮ ಊರಿನ ಹಿರಿಯರು ಇವತ್ತಿಗೂ ಪ್ರಸಂಗದ ಪದ್ಯ ತಪ್ಪಿಲ್ಲದೆ ಹೇಳುತ್ತಾರೆ (ಇದು ಪುರಾವೆ ಅಲ್ಲ ಬಿಡಿ, ಸುಮ್ನೆ ಹೇಳಿದೆ).

ನಿಜವಾಗಿ ಗಮನಿಸಬೇಕಾದ್ದು ಬೇರೆಯೇ ಇದೆ. ಕನಸು ಬೀಳುವ ಹೊತ್ತಿನಲ್ಲಿ ನಮ್ಮ ಕೈಕಾಲು ಸಡಿಲವಾಗಿ ಬಿದ್ದಿರುತ್ತದೆ, ಮೆದುಳೇ ಹಾಗೆ ಹಿಡಿದಿಟ್ಟಿರುತ್ತದೆ. ಕೆಲವರಿಗೆ ವಯಸ್ಸಾದ ಮೇಲೆ ಆ ಹಿಡಿತ ತಪ್ಪುತ್ತದೆ. ಕನಸಿನಲ್ಲಿ ಕಾಡುಹಂದಿ ಅಟ್ಟಿಸಿಕೊಂಡು ಬಂದರೆ ಹಾಸಿಗೆಯಲ್ಲೇ ಒದೆಯುತ್ತಾರೆ, ಬೊಬ್ಬೆ ಹಾಕುತ್ತಾರೆ, ಪಕ್ಕದಲ್ಲಿ ಮಲಗಿದ ಹೆಂಡತಿಗೆ ಹೊಡೆತ ಬೀಳುತ್ತದೆ. ಹೆಚ್ಚಾಗಿ ಬೆಳಗಿನ ಜಾವಕ್ಕೆ, 50 ದಾಟಿದ ಗಂಡಸರಲ್ಲಿ. ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಅಂತ ಇದರ ಹೆಸರು, ಅಮೆರಿಕದ ಮಿನೆಸೋಟಾದ ವೈದ್ಯರು 1986ರಲ್ಲೇ ವಿವರಿಸಿದ್ದಾರೆ. 2019ರಲ್ಲಿ 24 ಕೇಂದ್ರಗಳ 1,280 ರೋಗಿಗಳನ್ನು ನೋಡಿದ ಅಧ್ಯಯನದ ಲೆಕ್ಕದಂತೆ, 12 ವರ್ಷದೊಳಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಪಾರ್ಕಿನ್ಸನ್ (ಕೈ ನಡುಗುವ, ನಡೆ ನಿಧಾನವಾಗುವ ನರರೋಗ), ಲೂಯಿ ಬಾಡಿ ಡಿಮೆನ್ಶಿಯಾ (ಮರೆವಿನ ಕಾಯಿಲೆಯ ಒಂದು ಬಗೆ) ಅಥವಾ ಅದೇ ಜಾತಿಯ ಇನ್ನೊಂದು ಕಾಯಿಲೆ ಬರುತ್ತದೆ. ಅವರೆಲ್ಲ ಸ್ಲೀಪ್ ಸ್ಟಡಿ (ರಾತ್ರಿ ನಿದ್ದೆಯಲ್ಲಿದ್ದಾಗಲೇ ಮಾಡುವ ಪರೀಕ್ಷೆ) ಮಾಡಿ ಖಚಿತಪಡಿಸಿಕೊಂಡವರು. ಒಂದೆರಡು ದಿನ ಕೆಟ್ಟ ಕನಸು ಬಿದ್ದವರು ಲೆಕ್ಕಕ್ಕಿಲ್ಲ. ಜೋರು ಗೊರಕೆಯವರಿಗೆ ಉಸಿರು ಕಟ್ಟಿ ಹೀಗೇ ಆಗುವುದುಂಟು, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ಅದಕ್ಕೇ ಪರೀಕ್ಷೆ ಬೇಕು.

ನಮ್ಮಲ್ಲಿ ಏನು ಮಾಡುತ್ತಾರೆ? ಕುಲೆ (ಪ್ರೇತ) ಉಪದ್ರ ಅಂತ ನೂಲು ಕಟ್ಟಿಸುತ್ತಾರೆ, ಇಲ್ಲವೇ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರುತ್ತಾರೆ. ನನ್ನ ದೊಡ್ಡಪ್ಪನ ವಿಷಯದಲ್ಲಿ ಮನೆಯವರೆಲ್ಲ ನಗಾಡಿದ್ದೇ ಆಯಿತು, ದೊಡ್ಡಮ್ಮ ಪಾಪ ಚಾವಡಿಯಲ್ಲಿ ಚಾಪೆ ಹಾಸಿಕೊಂಡರು. ಕೈ ನಡುಕ ಶುರುವಾಗಿ ಮಂಗಳೂರಿಗೆ ಹೋದಾಗಲೇ ಒಬ್ಬ ಡಾಕ್ಟರು "ರಾತ್ರಿ ಕೈಕಾಲು ಬೀಸುತ್ತಿದ್ದರಾ?" ಅಂತ ದೊಡ್ಡಮ್ಮನನ್ನು ಕೇಳಿದ್ದು. ಅದಕ್ಕೂ ಮೊದಲು ಇಲ್ಲಿಯ ಆಸ್ಪತ್ರೆಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದರೂ ಮಲಯಾಳದಲ್ಲಿ, ಅದೂ ಅಜ್ಜನನ್ನೇ ಕೇಳುತ್ತಾರೆ. ನಿದ್ದೆಯಲ್ಲಿದ್ದವನಿಗೆ ತಾನು ಒದ್ದದ್ದು ಹೇಗೆ ಗೊತ್ತಾಗಬೇಕು? "ಕುಳಪ್ಪಮಿಲ್ಲ" (ಏನೂ ತೊಂದರೆ ಇಲ್ಲ) ಅಂದು ಎದ್ದು ಬರುತ್ತಾರೆ. ಗೊತ್ತಿರುವ ಅಜ್ಜಿಗೆ ಆ ಭಾಷೆ ಬರುವುದಿಲ್ಲ, ಗಂಡ ಹೊಡೆದ ಅನ್ನಲು ನಾಚಿಕೆ ಬೇರೆ.

ಗೊತ್ತಾದರೆ ಏನು ಲಾಭ, ತಡೆಯುವ ಔಷಧ ಇಲ್ಲವಲ್ಲ ಅನ್ನಬಹುದು. ಹೌದು, ಕಾಯಿಲೆ ಬಾರದಂತೆ ತಡೆಯುವ ಔಷಧ ಇನ್ನೂ ಇಲ್ಲ. ಆದರೆ ಒದೆಯುವುದನ್ನು ಕಡಿಮೆ ಮಾಡುವ ಔಷಧ ಇದೆ, ಹಾಸಿಗೆ ನೆಲಕ್ಕೆ ಇಳಿಸಿ ಪಕ್ಕದ ಮೇಜು, ಗಾಜು ತೆಗೆದರೆ ತಲೆ ಒಡೆಯುವುದು ತಪ್ಪುತ್ತದೆ. ಇನ್ನೊಂದು ದೊಡ್ಡ ವಿಷಯ: ಲೂಯಿ ಬಾಡಿ ಡಿಮೆನ್ಶಿಯಾ ಇದ್ದವರಿಗೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಆಗ ಸಮಾಧಾನ ಮಾಡಲು ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಹಳೆಯ ನಿದ್ದೆಯ ಕತೆ ಡಾಕ್ಟರಿಗೆ ಗೊತ್ತಿದ್ದರೆ ಅವರು ಎಚ್ಚರ ವಹಿಸುತ್ತಾರೆ. ಹಾಗಾಗಿ ಮನೆಯವರು ಸಾಧ್ಯವಾದರೆ ರಾತ್ರಿ ಫೋನಿನಲ್ಲಿ ಒಂದು ವೀಡಿಯೋ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ಕೇರಳದ ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ದೊಡ್ಡದೇನಲ್ಲ. 30 ದಾಟಿದವರ ಬಿಪಿ, ಶುಗರ್ ವಿಚಾರಿಸಲು ಆಶಾ ಕಾರ್ಯಕರ್ತೆಯರು ಇಲಾಖೆಯ ಶೈಲಿ ಎಂಬ ಆ್ಯಪ್ ಹಿಡಿದು ಮನೆಮನೆಗೆ ಬರುತ್ತಾರಲ್ವಾ, 60 ದಾಟಿದವರ ಮನೆಯಲ್ಲಿ ಇದೊಂದು ಪ್ರಶ್ನೆಯನ್ನೂ ಸೇರಿಸಲಿ. ಕನಸಿಗೆ ತಕ್ಕ ಹಾಗೆ ಕೈಕಾಲು ಆಡಿಸುತ್ತಾರಾ ಎಂಬ ಒಂದೇ ಪ್ರಶ್ನೆಯ ಪರೀಕ್ಷೆ 2012ರಿಂದಲೇ ಇದೆ. ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಲಿ, ಮನೆಯ ಹೆಂಗಸರನ್ನು ಕೇಳಲಿ.

ಇಂತಿ,
ನೀರ್ಚಾಲಿನ ಓದುಗ