ಮರುಬಳಕೆ ನೀರು: ಅಳತೆ ಜನರ ಕಣ್ಣಿಗೆ ಬೀಳಲಿ

ಮಾನ್ಯರೇ,

ಪುಟ್ಟ ದ್ವೀಪ ರಾಷ್ಟ್ರಗಳಲ್ಲಿ ಸಂಸ್ಕರಿತ ಕೊಳಚೆ ನೀರಿನ ಮರುಬಳಕೆಗೆ ತಂತ್ರಜ್ಞಾನದ ಕೊರತೆಗಿಂತಲೂ ದೊಡ್ಡ ಅಡ್ಡಿ ಜನರ ಅಳುಕು. ಸಿಂಗಪುರ ಅದನ್ನು ನೇರವಾಗಿ ಎದುರಿಸಿತು. 2002ರ ರಾಷ್ಟ್ರೀಯ ದಿನದಂದು ಪ್ರಧಾನಿ ಗೋಹ್ ಚೋಕ್ ತೊಂಗ್ ಅವರೊಂದಿಗೆ ಸಾವಿರಾರು ಮಂದಿ ‘ನ್ಯೂವಾಟರ್’ ಎಂಬ ಹೆಸರಿನ ಈ ಮರುಬಳಕೆ ನೀರಿನ ಬಾಟಲಿ ಎತ್ತಿ ಕುಡಿದರು. ಮರುವರ್ಷವೇ ಸಂದರ್ಶಕರ ಕೇಂದ್ರ ತೆರೆದು, ಸೂಕ್ಷ್ಮ ಸೋಸುವಿಕೆ, ರಿವರ್ಸ್ ಆಸ್ಮೋಸಿಸ್, ನೇರಳಾತೀತ ಕಿರಣಗಳ ಮೂರೂ ಹಂತಗಳನ್ನು ಶಾಲಾ ಮಕ್ಕಳಿಗೂ ತೋರಿಸಲಾಯಿತು. ಈ ನೀರಿನ ಬಹುಪಾಲು ಹೋಗುವುದು ಚಿಪ್ ಕಾರ್ಖಾನೆಯಂಥ ಉದ್ಯಮಗಳಿಗೆ. ಒಣ ತಿಂಗಳುಗಳಲ್ಲಷ್ಟೇ ಸ್ವಲ್ಪ ಭಾಗವನ್ನು ಜಲಾಶಯಕ್ಕೆ ಬೆರೆಸಿ, ಮತ್ತೊಮ್ಮೆ ಶುದ್ಧೀಕರಿಸಿ ನಲ್ಲಿಗೆ ಬಿಡುತ್ತಾರೆ. ಕುಡಿಯಲು ಹಿಂಜರಿಯುವವರಿಗೆ ಇದನ್ನು ಮೊದಲೇ ತಿಳಿಸಬೇಕು.

ಘಟಕ ಕಟ್ಟಿದರಷ್ಟೇ ಸಾಲದು. ರಿವರ್ಸ್ ಆಸ್ಮೋಸಿಸ್‌ನಲ್ಲಿ ಉಪ್ಪನ್ನು ತಡೆಯುವ ಪೊರೆಗಳ ಜೋಡಣೆಯಲ್ಲಿನ ಒಂದು ರಬ್ಬರ್ ಉಂಗುರ ಸವೆದರೂ ಸೋಸದ ನೀರು ಶುದ್ಧ ನೀರಿಗೆ ನುಸುಳುತ್ತದೆ. ಆಗ ನೀರಿನಲ್ಲಿ ಕರಗಿದ ಉಪ್ಪನ್ನು ಸೂಚಿಸುವ ವಿದ್ಯುತ್ ವಾಹಕತೆಯ ಅಳತೆ ಏರುತ್ತದೆ. ತಗ್ಗಿನ ದ್ವೀಪಗಳಲ್ಲಿ ಬಿರುಕುಬಿಟ್ಟ ಒಳಚರಂಡಿಗೆ ಸಮುದ್ರದ ನೀರೂ ಸೇರುವುದರಿಂದ ಉಪ್ಪಿನ ಹೊರೆ ಇನ್ನೂ ಹೆಚ್ಚು. ಹೀಗಾಗಿ ವಾಹಕತೆ, ಕದಡುವಿಕೆಯ ಅಳತೆಗಳನ್ನು ಘಟಕದ ಬಾಗಿಲಲ್ಲೇ ಪ್ರತಿದಿನ ಫಲಕಕ್ಕೆ ಹಾಕಬೇಕು. ಮಿತಿ ಮೀರಿ ಸರಬರಾಜು ನಿಲ್ಲಿಸಿದ ದಿನವನ್ನೂ ಬರೆಯಬೇಕು. ಕೆಟ್ಟದ್ದನ್ನೂ ಹೇಳುವವರ ಮಾತನ್ನೇ ಜನ ನಂಬುವುದು.

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗಷ್ಟೇ, ಅಂದರೆ ಸೂಕ್ಷ್ಮಾಣುಜೀವಿಗಳಿಂದ ಕೊಳೆ ಕಳೆಯುವವರೆಗಷ್ಟೇ, ಸಂಸ್ಕರಿಸಿ ತುಂಬುವ ಕೋಲಾರದ ಕೆರೆಗಳ ದಡದಲ್ಲೂ ಇಂಥ ಫಲಕಗಳು ಬೇಕು. ಅವು ಕನ್ನಡದಲ್ಲಿರಲಿ, ರೈತರು ಓದುವಷ್ಟು ದೊಡ್ಡ ಅಕ್ಷರದಲ್ಲಿರಲಿ.

ಓರ್ವ ಓದುಗ, ಕೋಲಾರ