ಆ ರಾತ್ರಿಯ ಹನ್ನೊಂದು ವಾಯ್ಸ್ ಮೆಸೇಜು

ಅಪ್ಪನನ್ನು ರಾತ್ರಿ ಆಸ್ಪತ್ರೆಗೆ ಸೇರಿಸಿದ ಸುದ್ದಿ ಕೇಳಿ ನಾನು ಶ್ರೀಲಂಕಾದಿಂದ ಓಡಿ ಬಂದು ಇವತ್ತಿಗೆ ಐದು ವಾರ ಆಯ್ತು. ಬೆಳಗ್ಗೆ ಅಪ್ಪ ಯಾರ ಕೈಯನ್ನೂ ಹಿಡಿಯದೆ ಗೇಟಿನವರೆಗೆ ನಡೆದು ಹೋಗಿ ಹಾಲಿನ ಪ್ಯಾಕೆಟ್ ತಂದರು. ಇದನ್ನು ಬರೆಯೋಕೆ ನಾನು ಕಾಯುತ್ತಿದ್ದದ್ದು ಆ ದಿನಕ್ಕೇ. ಅಪ್ಪನಿಗೆ ಏನಾಯ್ತು, ಎಷ್ಟು ದಿನ ಆಸ್ಪತ್ರೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳಲ್ಲ.

ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ ನನ್ನ ಟಿಕೆಟ್ ದುಡ್ಡಿಗೆ ಕೈ ಜೋಡಿಸಿದವರು, ಸ್ತ್ರೀಯರ ಕೂಟದ ಅಮ್ಮಂದಿರು, ಪಾಸ್ಟರ್ ಅಯ್ಯ, ಪಾಸ್‌ಪೋರ್ಟಿಗೆ ಓಡಾಡಿದ ದೊಡ್ಡಪ್ಪ, ನಾನು ಅರ್ಧಕ್ಕೇ ಬಿಟ್ಟು ಬಂದ ಕೆಲಸವನ್ನು ಮುಗಿಸಿಕೊಟ್ಟ ಐದು ಜನ ಗೆಳೆಯರು, ರಕ್ತ ಕೊಟ್ಟ ಕಾಲೇಜಿನ ಹುಡುಗರು, ಎಲ್ಲರಿಗೂ ಮನಸಾರೆ ವಂದನೆ.

ನಾವು ಆರು ಜನ ಸೇವೆಗೆ ಹೋಗಿದ್ದು ಶ್ರೀಲಂಕಾದ ಹ್ಯಾಟನ್ ಹತ್ತಿರದ ಒಂದು ಟೀ ಎಸ್ಟೇಟಿಗೆ. ಬೆಳಗ್ಗೆ ಮಕ್ಕಳಿಗೆ ರಜಾ ಬೈಬಲ್ ಶಾಲೆ, ಮಧ್ಯಾಹ್ನ ಇಂಗ್ಲಿಷು, ಲೆಕ್ಕ. ಅಲ್ಲಿನ ಜನ ಇರೋದು ಬ್ರಿಟಿಷರ ಕಾಲದಿಂದ ಬಂದ ಲೈನ್ ಮನೆಗಳಲ್ಲಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಸಣ್ಣ ಕೋಣೆಗಳು. ಲೈನ್ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ನನಗೆ ಕೆಜಿಎಫ್ ನೆನಪಾಯ್ತು. ಚಾಂಪಿಯನ್ ರೀಫ್‌ನಲ್ಲಿ ನಮ್ಮ ಅಜ್ಜಿ ಮನೆಯೂ ಲೈನ್ ಮನೆಯೇ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಜ್ಜಿ ಅಲ್ಲಿಂದ ಕದಲಲಿಲ್ಲ. ನಾನು ತಮಿಳು ಕಲಿತದ್ದು ಆ ಜಗಲಿಯಲ್ಲಿ. ಅದಕ್ಕೇ ಇರಬೇಕು, ಎಸ್ಟೇಟಿನಲ್ಲಿ ನನಗೆ ಪರದೇಶ ಅನ್ನಿಸಲೇ ಇಲ್ಲ.

ನಮಗೆ ಅಡುಗೆ ಮಾಡಿ ಹಾಕುತ್ತಿದ್ದ ಪಾಟಿಯ, ಅಂದರೆ ತಮಿಳು ಅಜ್ಜಿಯ, ಕಥೆ ಹೇಳಲೇಬೇಕು. ಶ್ರೀಲಂಕಾದಲ್ಲಿ 1948ರ ಪೌರತ್ವ ಕಾನೂನು ಬಂದಾಗ, ಇಂಡಿಯಾ ಮೂಲದ ತಮಿಳರಾದ ಅವರ ಅಪ್ಪ ಅಮ್ಮ ಯಾವ ದೇಶದವರೂ ಅಲ್ಲದ ಹಾಗಾದರು. ಆಮೇಲೆ 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದಿಂದ ಲಕ್ಷಾಂತರ ಜನರನ್ನು ಇಂಡಿಯಾಕ್ಕೆ ಕಳಿಸಿದರಲ್ಲ, ಪಾಟಿಯ ಅಣ್ಣನೂ ಹಾಗೇ ತಲೈಮನ್ನಾರಿನಲ್ಲಿ ಹಡಗು ಹತ್ತಿದರು. ನಮ್ಮ ಸುಳ್ಯದ ರಬ್ಬರ್ ತೋಟಕ್ಕೆ ಬಂದರು. ಪಾಟಿ ಮತ್ತೆ ಅವರ ಮುಖ ನೋಡಲಿಲ್ಲ. ಆ ರಾತ್ರಿ ನನ್ನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತವರು ಈ ಪಾಟಿ. ಒಂದು ಮಾತೂ ಆಡಲಿಲ್ಲ. ಮೂರು ಸಲ ಎದ್ದು ಹೋಗಿ ಶುಂಠಿ ಹಾಕಿದ ಪ್ಲೇನ್ ಟೀ ತಂದು ಕೈಯಲ್ಲಿಟ್ಟರು. ಬೆಳಗ್ಗೆ ಎಂದಿನ ಹಾಗೆ ಕೊಳುಂದು, ಅಂದರೆ ಟೀ ಚಿಗುರು, ಕೀಳೋಕೆ ಗುಡ್ಡ ಹತ್ತಿದರು.

ಇನ್ನು ಮಾಮು.

ಪಕ್ಕದ ಮನೆ ಮಾಮು ಟೆಂಪೋ ಓಡಿಸ್ತಾರೆ. ಹಳ್ಳಿಗಳಿಂದ ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ತರೋದು ಅವರ ಕೆಲಸ. ಆ ರಾತ್ರಿ ಲೋಡಿಗೆ ಹೊರಟಿದ್ದರು. ಅಮ್ಮ ಕೂಗಿದ್ದು ಕೇಳಿ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಓಡಿ ಬಂದರು.

ಎಸ್ಟೇಟಿನಲ್ಲಿ ಸಿಗ್ನಲ್ ಸಿಗೋದು ಚರ್ಚಿನ ಮೆಟ್ಟಿಲ ಮೇಲೆ ಮಾತ್ರ. ಮಳೆಗೆ ದಾರಿಯಲ್ಲಿ ಮಣ್ಣು ಕುಸಿದು, ಬೆಳಗಾಗೋವರೆಗೆ ಕೊಲಂಬೋ ಕಡೆ ಗಾಡಿ ಬಿಡಲ್ಲ ಅಂದುಬಿಟ್ಟಿದ್ದರು. ನಾನು ಮೆಟ್ಟಿಲ ಮೇಲೇ ಕೂತೆ. ಮಾಮುಗೆ ಟೈಪ್ ಮಾಡಿ ಅಭ್ಯಾಸ ಇಲ್ಲ, ವಾಯ್ಸ್ ಮೆಸೇಜ್ ಕಳಿಸ್ತಾರೆ. ಮೊದಲನೇದು 9:50ಕ್ಕೆ ಬಂತು. "ಬೇಟಾ, ಆಂಬುಲೆನ್ಸಲ್ಲಿದೀವಿ. ನರಸಾಪುರ ದಾಟಿದ್ವಿ. ಅಪ್ಪ ಕಣ್ಣು ಬಿಟ್ಟಿದಾರೆ." ಹಿಂದೆ ಸೈರನ್ ಸದ್ದು. ಆಮೇಲೆ ಹೊಸಕೋಟೆ. ಆಮೇಲೆ ಆಸ್ಪತ್ರೆ ಗೇಟು. ಶ್ರೀಲಂಕಾದಲ್ಲೂ ನಮ್ಮದೇ ಗಂಟೆ, ಒಂದು ನಿಮಿಷವೂ ಹಿಂದೆ ಮುಂದೆ ಇಲ್ಲ. ಅಲ್ಲಿ ಹನ್ನೆರಡು ಹೊಡೆದಾಗ ನನಗೂ ಹನ್ನೆರಡು. ಅವರು ಕಾಯುತ್ತಿದ್ದ ಗಂಟೆಯನ್ನೇ ನಾನೂ ಕಾಯುತ್ತಿದ್ದೆ.

ಹನ್ನೆರಡರ ಮೇಲೆ ಹೇಳೋಕೆ ಸುದ್ದಿಯೇ ಇರಲಿಲ್ಲ. ಆದರೂ ಮಾಮು ಮೆಸೇಜ್ ನಿಲ್ಲಿಸಲಿಲ್ಲ. "ಏನೂ ಹೇಳಿಲ್ಲ ಬೇಟಾ. ಬಾಗಿಲು ಹಾಕಿದೆ. ನಾನು ಬಾಗಿಲ ಎದುರೇ ಕೂತಿದೀನಿ. ಅಮ್ಮಂಗೆ ಬನ್ನು ತಿನ್ನಿಸಿದೆ." ಸುದ್ದಿ ಇಲ್ಲ ಅಂತ ಹೇಳೋಕೇ ನಾಲ್ಕು ಸಲ ಮೆಸೇಜ್ ಮಾಡಿದರು. ನನ್ನನ್ನು ಹಿಡಿದು ಕೂರಿಸಿದ್ದು ಆ ನಾಲ್ಕೇ.

ಮೂರು ಗಂಟೆಗೆ ಮಾತ್ರ ನನ್ನ ಕೈಲಿ ಆಗಲಿಲ್ಲ. ನಾನು ಒಬ್ಬಳೇ ಮಗಳು. ಯಾರದೋ ಮಕ್ಕಳಿಗೆ ಹಾಡು ಕಲಿಸ್ತೀನಿ ಅಂತ ಸಮುದ್ರ ದಾಟಿ ಬಂದು ಕೂತಿದೀನಿ, ಅಪ್ಪ ಅಲ್ಲಿ ಒಬ್ಬರೇ ಮಲಗಿದಾರೆ. ದೇವರ ಹತ್ತಿರ ಜಗಳ ಆಡಿದೆ. ಪ್ರಾರ್ಥನೆ ಅಲ್ಲ, ಜಗಳವೇ. ನಿನ್ನ ಕೆಲಸಕ್ಕೆ ಅಂತ ತಾನೇ ಬಂದದ್ದು ಅಂತ ಕೂಗಿದೆ. ಮಾಮುಗೆ ಫೋನ್ ಮಾಡಿ ನಾನು ಬರಬಾರದಿತ್ತು ಅಂತ ಅತ್ತೆ. ಅವರು ಅಳೋಕೆ ಬಿಟ್ಟರು. ಆಮೇಲೆ ಅಂದರು: "ಅದೆಲ್ಲ ನಾಳೆ ಮಾತಾಡೋಣ. ನೀನು ಬರೋವರೆಗೂ ನಾನು ಇಲ್ಲಿಂದ ಏಳಲ್ಲ. ಈಗ ನೀರು ಕುಡಿ."

ಹನ್ನೊಂದನೇ ಮೆಸೇಜಿನ ಹಿಂದೆ ಆಜಾನ್ ಕೇಳಿಸ್ತಿತ್ತು. "ಡಾಕ್ಟ್ರು ಹೊರಗೆ ಬಂದ್ರು. ಪರವಾಗಿಲ್ಲ ಅಂದ್ರು. ನಮಾಜ್ ಮುಗಿಸಿ ಬರ್ತೀನಿ ಬೇಟಾ, ಅಲ್ಲೀವರೆಗೆ ಸಿಸ್ಟರ್‌ಗೆ ಹೇಳಿದೀನಿ." ಆ ಹನ್ನೊಂದೂ ನನ್ನ ಫೋನಿನಲ್ಲಿವೆ. ಅಪ್ಪನಿಗೆ ಇನ್ನೂ ಕೇಳಿಸಿಲ್ಲ.

ಮರುದಿನ ರಾತ್ರಿ ಎಂಟಕ್ಕೆ ನಾನು ಆಸ್ಪತ್ರೆ ತಲುಪಿದಾಗ ಮಾಮು ಅದೇ ಕುರ್ಚಿಯಲ್ಲಿದ್ದರು. ಚಪ್ಪಲಿಗೆ ಕೆಂಪು ಮಣ್ಣು ಒಣಗಿ ಅಂಟಿತ್ತು. ಜೇಬಿನಿಂದ ಬಿಲ್ಲುಗಳ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ರಬ್ಬರ್ ಬ್ಯಾಂಡ್ ಹಾಕಿ, ಪ್ರತಿ ಬಿಲ್ಲಿನ ಹಿಂದೆ ಯಾವ ಗಂಟೆಗೆ ಕಟ್ಟಿದ್ದು ಅಂತ ಪೆನ್ನಲ್ಲಿ ಬರೆದಿದ್ದರು. ಎರಡು ದಿನದ ಲೋಡು ಬೇರೆಯವರ ಪಾಲಾಗಿತ್ತು. ಅದನ್ನು ನನಗೆ ಹೇಳಿದ್ದು ಮಾಮು ಅಲ್ಲ, ಮಾಮಿಯೂ ಅಲ್ಲ, ಮಂಡಿಯ ಒಬ್ಬ ಹಮಾಲಿ.

ಮಾಮು, ನಿಮ್ಮ ಎದುರು ನಿಂತರೆ ನನಗೆ ಮಾತೇ ಬರಲ್ಲ. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆದಿದೀನಿ. ಮಾಮಿ ಓದಿ ಹೇಳ್ತಾರೆ.

ಈ ಭಾನುವಾರ ಆರಾಧನೆಯಲ್ಲಿ ನಮ್ಮ ಸ್ತೋತ್ರ ಕಾಣಿಕೆ ಇದೆ. ಆಮೇಲೆ ಮನೆಯಲ್ಲಿ ಊಟ. ಎಲ್ಲರೂ ಬನ್ನಿ. ಊಟ ಸ್ವಲ್ಪ ತಡ ಆಗುತ್ತೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಮಾಮು ಮಂಡಿಯಿಂದ ಬಂದ ಮೇಲೇ ಎಲೆ ಹಾಕೋದು ಅಂತ ಅಪ್ಪ ಹೇಳಿದಾರೆ.